ದೋಣಿಯ ಟಾಕಿ, ಸಿದ್ರಾಯನ ಮೂಗು

ಸಿದ್ರಾಯನಿಗೆ ವಾಸನೆ ತಿಳಿಯುವುದು ನಿಂತು ಮೂರು ವರ್ಷವಾಗಿತ್ತು. ಎಂಟು ದಿನದ ಜ್ವರವೊಂದು ಬಂದು ಹೋಗುವಾಗ ಮೂಗಿನ ಕಸುವನ್ನೂ ಜೊತೆಗೆ ಒಯ್ದಿತ್ತು. ಇದು ಗೊತ್ತಿದ್ದದ್ದು ಹೆಂಡತಿ ಸುಮನಳಿಗೆ ಮಾತ್ರ. ಏಕೆಂದರೆ ಹುಕ್ಕೇರಿಯ ಸುತ್ತ ಸಿದ್ರಾಯನ ಹೆಸರು ನಿಂತಿದ್ದದ್ದೇ ಅವನ ಮೂಗಿನ ಮೇಲೆ. ಹೊಸ್ತಿಲಲ್ಲಿ ನಿಂತು ಒಮ್ಮೆ ಉಸಿರೆಳೆದು, “ಬಚ್ಚಲದ ಎಡಬಾಜೂ, ಎರಡನೇ ಬೆಂಡು” ಎಂದು ಸಂಡಾಸದ ಪೈಪು ಸೋರುವ ಜಾಗವನ್ನು ಹೇಳಿಬಿಡುತ್ತಿದ್ದ. ಆ ಮೂಗು ಹೋಗಿದೆಯೆಂದು ತಿಳಿದರೆ ಗಿರಾಕಿಗಳೂ ಅದರ ಹಿಂದೆಯೇ ಹೋಗುತ್ತಿದ್ದರು.

ಹೀಗಿರುವಾಗ ಶನಿವಾರ ಬೆಳಿಗ್ಗೆ ಮಾಲಿಂಗಪ್ಪನವರ ಫೋನು ಬಂತು. ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ಮಾಲಿಂಗಪ್ಪ, ಗೋವಾದಿಂದ ಹಳೆಯ ಹಾಯಿದೋಣಿಯೊಂದನ್ನು ಕಬ್ಬಿನ ಟ್ರೇಲರಿನ ಮೇಲೆ ಹೇರಿಸಿ ತಂದು ಹಿಡಕಲ್ ಹಿನ್ನೀರಿನಲ್ಲಿ ಬಿಟ್ಟಿದ್ದರು. ಅದರೊಳಗೆ ಎರಡು ಮಂಚ, ಒಂದು ಒಲೆ, ಬೀರುವಿನಷ್ಟು ಅಗಲದ ಸಂಡಾಸ. ಹಿನ್ನೀರು ಊರೂರಿನವರು ಕುಡಿಯುವ ನೀರು. ಅದರಲ್ಲಿ ಹೊಲಸಿನ ಒಂದು ಹನಿಯೂ ಬೀಳಬಾರದೆಂದು ಸಂಡಾಸದ್ದೆಲ್ಲ ಮಂಚದ ಕೆಳಗಿನ ಟಾಕಿಗೆ, ಅಂದರೆ ಮುಚ್ಚಿದ ತೊಟ್ಟಿಗೆ, ಹೋಗುವಂತಿತ್ತು.

“ಸಿದ್ರಾಯ, ದೋಣಿ ನಾರಾಕತ್ತೇತಿ. ನಾಕಕ್ಕ ಕುಲಗೋಡದಿಂದ ಬೀಗ್ರು ಬರಾಕತ್ತಾರ, ನಮ್ಮ ಮಗಳು ಐಶ್ವರ್ಯಾನ್ನ ಕೇಳಾಕ. ಹುಡುಗನ ಅಜ್ಜಿ ಸತ್ತೆವ್ವಗ ದೋಣ್ಯಾಗ ಕೂಡಬೇಕಂತ. ಲಗೂನ ಬಾ.”

ಸಿದ್ರಾಯ ಹೋಗುವಷ್ಟರಲ್ಲಿ ಟ್ಯಾಂಕರಿನ ರಾಜಪ್ಪ ಟಾಕಿಯನ್ನು ಹೀರಿ ಖಾಲಿ ಮಾಡಿದ್ದ. ಮಾಲಿಂಗಪ್ಪ ಬಿಸಿನೀರು, ಮೂರು ತುಂಡು ಅರಿವೆ ಹಿಡಿದು ಕಾದಿದ್ದರು.

“ಬಿಸಿನೀರಾಗ ತೊಯ್ದ ಅರಿವಿ ಪೈಪಿಗೆ ಸುತ್ತು. ಆರಿದ ಮ್ಯಾಲ ಬಿಚ್ಚಿ ಮೂಸು. ಅರಿವಿ ನಾರಿದ್ರ ಪೈಪು ಕೆಟ್ಟೈತಿ ಅಂತ ತಿಳಿ. ನೇವ್ಯಾಗ ಹಿಂಗ ಮಾಡ್ತಿದ್ವಿ.”

ಸಿದ್ರಾಯ ಇಲ್ಲವೆನ್ನುವಂತಿರಲಿಲ್ಲ. ಸಂಡಾಸದ ಎರಡು ಪೈಪಿಗೂ ಅರಿವೆ ಸುತ್ತಿದ, ಬಿಚ್ಚಿದ. ಸಂಗೀತ ಕೇಳುವವನಂತೆ ಕಣ್ಣು ಮುಚ್ಚಿ ಒಂದೊಂದನ್ನೂ ಮೂಸಿದ. ಎರಡರಲ್ಲೂ ತೇವ ಇತ್ತು, ಅಷ್ಟೇ.

“ಕಾಕಾರ, ನಾ ಒಬ್ಬನ ತೀರ್ಪು ಕೊಡೂದು ಬ್ಯಾಡ. ಕಾಕೂನೂ ಒಮ್ಮೆ ನೋಡ್ಲಿ.”

ಮಾಲಿಂಗಪ್ಪನವರ ಹೆಂಡತಿ ಗೌರಕ್ಕ ಮೊದಲನೆಯದನ್ನು ಮೂಸಿ ಸುಮ್ಮನಿದ್ದರು. ಎರಡನೆಯದು ಮೂಗಿನ ಹತ್ತಿರ ಬಂದದ್ದೇ ಬಾಯಿಗೆ ಸೆರಗೊತ್ತಿಕೊಂಡು ಮೇಲಕ್ಕೆ ಓಡಿದರು.

“ಅದ!” ಎಂದ ಸಿದ್ರಾಯ. “ನಾನೂ ಅದನ್ನ ಅನ್ನಾಂವ ಇದ್ದೆ.”

ಸಂಡಾಸದಿಂದ ಟಾಕಿಗೆ ಹೋಗುವ ಆ ಪೈಪನ್ನು ಬಿಚ್ಚಿದಾಗ ಒಳಗೆಲ್ಲ ಹಳೆಯ ಚಹಾದ ಕಿಟ್ಲಿಯ ತಳದಂತೆ ಕಲ್ಲುಗಟ್ಟಿತ್ತು. ಗೇಣುದ್ದ ಕತ್ತರಿಸಿ ಬ್ಯಾಗಿಗೆ ಹಾಕಿಕೊಂಡ. ಅಳತೆ ಬರೆದುಕೊಂಡು ಹೋದರೆ ಅಂಗಡಿಯವರು ನಂಬುವುದಿಲ್ಲ, ‘ಸ್ಯಾಂಪಲ್ ಎಲ್ಲಿ?’ ಎನ್ನುತ್ತಾರೆ. ಉಳಿದ ಪೈಪನ್ನು ರಾಜಪ್ಪ ದಂಡೆಯಲ್ಲಿದ್ದ ತನ್ನ ಟ್ಯಾಂಕರಿಗೆ ಒಯ್ದ.

ಗೋಕಾಕದ ಬಸ್ಸು ಕಿಕ್ಕಿರಿದಿತ್ತು. ಆದರೂ ಸಿದ್ರಾಯನಿಗೆ ಮೂವರ ಸೀಟು ಪೂರ್ತಿ ಸಿಕ್ಕಿತು. ಮಗ್ಗುಲಲ್ಲಿದ್ದವರು ತಾವಾಗಿಯೇ ಎದ್ದು ಹೋದರು. ಕಂಡಕ್ಟರ್ ಮಾತ್ರ ಹಾಯುವ ಎಮ್ಮೆಗೆ ಹುಲ್ಲು ನೀಡುವವನಂತೆ ದೂರದಿಂದ ಕೈ ಚಾಚಿ ಟಿಕೆಟ್ ಕೊಟ್ಟ. ಜನ ಎಷ್ಟು ಸಜ್ಜನರಾಗಿದ್ದಾರೆ ಎಂದು ಸಿದ್ರಾಯ ಕಾಲು ಚಾಚಿದ. ಅಂಗಡಿಯಲ್ಲೂ ಅದೇ ಮರ್ಯಾದೆ. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಸ್ಯಾಂಪಲ್ ಹೊರಗೆ ತೆಗೆದದ್ದೇ ಅಂಗಡಿಯವನು, “ತಿಳೀತ್ರೀ, ತಿಳೀತು! ಒಳಗ ಇಡ್ರಿ ಅದನ್ನ!” ಎಂದು ಎರಡು ಹೆಜ್ಜೆ ಹಿಂದೆ ಸರಿದ.

ಎರಡು ಗಂಟೆಗೆ ಸಿದ್ರಾಯ ದೋಣಿಗೆ ಮರಳಿದ. ಬ್ಯಾಗನ್ನು ಮಂಚದ ಕೆಳಗೆ ತಳ್ಳಿ, ಹೊಸ ಪೈಪಿನ ಎರಡೂ ತುದಿಗೆ ಎರಡೆರಡು ಕ್ಲಾಂಪು ಬಿಗಿದ. ಟಾಕಿಯ ಗಾಳಿ ಹೊರಹೋಗುವ ಸಣ್ಣ ಪೈಪಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ತಂತಿ ಹಾಕಿ ಅದನ್ನೂ ಕೆಡವಿದ. ನೀರು ಬಿಟ್ಟು ನೋಡಿದರೆ ಒಂದು ಹನಿ ಸೋರಲಿಲ್ಲ.

ಮಾಲಿಂಗಪ್ಪ ಒಳಗೆ ಇಣುಕಿದರು. “ಎಲ್ಲೋ ಹೋಗೇತಿ? ಮೊದಲಿಗಿಂತ ಜಾಸ್ತಿ ಐತಿ!”

ಸಿದ್ರಾಯ ಬೆವೆತ. ಟಾಕಿಯ ಮುಚ್ಚಳ ಬಿಗಿದ, ಪಂಪಿನ ರಬ್ಬರು ಬದಲಿಸಿದ. ಮತ್ತೆ ಅರಿವೆ ಸುತ್ತಿದ. ಗೌರಕ್ಕ ಈ ಸಲ ಎರಡೂ ನಾರುತ್ತವೆಂದರು, ಸುತ್ತದೆ ಉಳಿದಿದ್ದ ಮೂರನೆಯ ಅರಿವೆಯೂ ನಾರುತ್ತದೆಂದರು. ನಟ್ಟು ತಿರುಗಿಸಲು ಇನ್ನೊಂದು ಪಾನಾ ಬೇಕೆಂದು ಸಿದ್ರಾಯ ಬ್ಯಾಗು ಹೆಗಲಿಗೇರಿಸಿ ದಂಡೆಯಲ್ಲಿದ್ದ ರಾಜಪ್ಪನ ಟ್ಯಾಂಕರಿನ ಕಡೆ ನಡೆದ.

“ಹೋತು ನೋಡೋ!” ಎಂದು ಕೂಗಿದರು ಮಾಲಿಂಗಪ್ಪ.

ಸಿದ್ರಾಯ ಹಿಗ್ಗಿ ಓಡಿ ಬಂದ.

“ಬಂತು ನೋಡು ಮತ್ತ!”

“ಗಾಳಿ ತಿರಗತೇತ್ರಿ ಕಾಕಾರ,” ಎಂದ ಸಿದ್ರಾಯ, ಬ್ಯಾಗನ್ನು ಮತ್ತೆ ಮಂಚದ ಕೆಳಗೆ ತಳ್ಳುತ್ತ. ದೋಣಿಯ ಹಾಯಿ ಒಂದಿಷ್ಟೂ ಅಲುಗಿರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಬೀಗರು ಬಂದರು. ಸತ್ತೆವ್ವಜ್ಜಿಗೆ ಎಂಬತ್ತು ದಾಟಿತ್ತು, ಕಣ್ಣು ಮಂದ. ಆದರೆ ಒಳಗೆ ಕಾಲಿಟ್ಟವಳೇ ನಿಂತಳು. ಮೂಗನ್ನು ಮುಂದೆ ಮಾಡಿ ಸಂಡಾಸದತ್ತ ಹೋದಳು, ಇದಲ್ಲವೆಂದು ತಲೆಯಾಡಿಸಿದಳು. ಟಾಕಿಯ ಮೇಲೆ ಬಗ್ಗಿದಳು, ತಲೆಯಾಡಿಸಿದಳು. ಆಮೇಲೆ ಕೋಲಿನಿಂದ ಮಂಚದ ಕೆಳಗಿನ ಬ್ಯಾಗನ್ನು ಎಳೆದು, ಜಿಪ್ಪು ತೆಗೆದು, ಗೇಣುದ್ದದ ಪೈಪನ್ನು ಎತ್ತಿ ಹಿಡಿದಳು.

“ಈ ಬ್ಯಾಗ ಯಾರದು?”

ಐಶ್ವರ್ಯ ಸೆರಗಿನ ಮರೆಯಲ್ಲಿ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಮಾಲಿಂಗಪ್ಪನವರ ಮುಖ ಕೆಂಪೇರಿತು.

“ಸಿದ್ರಾಯ, ಇಡೀ ದಿನ ಇದು ನಿನ್ನ ಬಾಜೂಕ ಇತ್ತು. ನಿನಗ ವಾಸನಿ ಬರಲಿಲ್ಲೇನೋ?”

ಬಸ್ಸಿನ ಸೀಟು, ಕಂಡಕ್ಟರನ ಕೈ, ಅಂಗಡಿಯ ಮರ್ಯಾದೆ ಎಲ್ಲವೂ ಸಿದ್ರಾಯನಿಗೆ ಒಮ್ಮೆಲೇ ತಿಳಿದವು. ಹೌದೆಂದರೆ ಹದಿನೈದು ವರ್ಷದ ಹೆಸರು ಹಿನ್ನೀರಿನ ಪಾಲು.

“ಬರಲಾರದ ಏನ್ರಿ? ಬೇಕಂತನ ಇಟ್ಟಿದ್ದೆ. ಹಳೇ ವಾಸನಿ ಯಾವುದು, ಟಾಕೀದು ಯಾವುದು ಅಂತ ನಿಮಗೂ ತಿಳೀಲಿ ಅಂತ. ಈಗ ಅದನ್ನ ಹೊರಗ ಒಗದ ನೋಡ್ರಿ.”

ರಾಜಪ್ಪ ಬಂದು ಪೈಪನ್ನು ದಂಡೆಗೆ, ತನ್ನ ಟ್ಯಾಂಕರಿಗೆ ಒಯ್ದ. ಎಲ್ಲರೂ ಉಸಿರೆಳೆದರು. ದೋಣಿ ಹೊಸ ಮನೆಯಂತೆ ಚೊಕ್ಕವಾಗಿತ್ತು. ಗೌರಕ್ಕ ಚಹಾ ಇಟ್ಟರು. ಸತ್ತೆವ್ವಜ್ಜಿ ದೋಣಿಯಲ್ಲಿ ಎರಡು ಸುತ್ತು ಹಾಕಿದಳು, ಹುಡುಗಿ ಒಪ್ಪಿಗೆಯೆಂದಳು. ಇಳಿಯುವಾಗ ಸಿದ್ರಾಯನ ಕೈ ಹಿಡಿದಳು.

“ತಮ್ಮಾ, ಕುಲಗೋಡದಾಗ ನಮ್ಮ ಹೊಸಾ ಮನ್ಯಾಗ ಒಂದ ನಾತ ಐತಿ. ನಾಕ ಮಂದಿ ಮೇಸ್ತ್ರಿ ಬಂದ ಹೋದ್ರು. ಬರೇ ಪೈಪ ಬದಲಿ ಮಾಡ್ತಾರ, ಮೂಸಿ ಹೇಳಾಂವ ಒಬ್ಬನೂ ಇಲ್ಲ. ನನಗೂ ಅದರ ಪತ್ತೆ ಹತ್ತವಲ್ದು. ನಾಳೆ ಎಂಟಕ್ಕ ಗಾಡಿ ಕಳಸ್ತೀನಿ.”

“ಯವ್ವಾ, ನಾಳೆ ನನಗ...”

“ಏನೂ ತರಬ್ಯಾಡ. ಈ ಬ್ಯಾಗ ಮನ್ಯಾಗ ಇಟ್ಟ ಬಾ,” ಎಂದಳು ಸತ್ತೆವ್ವಜ್ಜಿ. “ಮೂಗ ಅಷ್ಟ ತಂದ್ರ ಸಾಕು.”