ಮಗಳ ಕಾಲಿನ ಚುಕ್ಕೆ

ನಮ್ಮ ಮನೆತನದಲ್ಲಿ ಆಪರೇಷನ್ ಆಯಿತೆಂದರೆ ತೋರಿಸಲು ಒಂದು ಗುರುತು ಇರಲೇಬೇಕು. ನಮ್ಮ ತಂದೆಯವರು ಅಪೆಂಡಿಕ್ಸಿನ ಹೊಲಿಗೆಗಳನ್ನು ಮದುವೆಮನೆಯ ಪಂಕ್ತಿಯಲ್ಲಿ ಕೂಡ ಅಂಗಿ ಎತ್ತಿ ತೋರಿಸಿ, ಪಕ್ಕದವರಿಂದಲೇ ಎಣಿಕೆ ಮಾಡಿಸುತ್ತಿದ್ದರು. ಆ ಜಂಬ ನನಗೂ ಬಂದಿದೆ. ಪಾಪ, ನನಗೆ ಈವರೆಗೆ ಒಂದು ಹೊಲಿಗೆಯೂ ಬಿದ್ದಿಲ್ಲವಾದ್ದರಿಂದ ಮಗಳ ಕಾಲನ್ನೇ ಆಶ್ರಯಿಸಬೇಕಾಯಿತು.

ನಾನು ಧಾರವಾಡದವನು. ತೆಲುಗು ಸೀಮೆಯ ದುವ್ವಾಡದ ಔಷಧ ಕಂಪನಿಯೊಂದರಲ್ಲಿ ಕೆಲಸ, ಅಲ್ಲೇ ಹತ್ತಿರದ ಪೆಂಡುರ್ತಿಯಲ್ಲಿ ಬಾಡಿಗೆ ಮನೆ. ಮಗಳು ಮಯೂರಿ ಒಂಬತ್ತನೇ ಇಯತ್ತೆ, ಶಾಲೆಯ ಖೋಖೋ ತಂಡದಲ್ಲಿ ಎಲ್ಲರಿಗಿಂತ ಚುರುಕು. ಅವಳ ಮೊಣಕಾಲಿನ ಕೆಳಗೆ ನೋವು ಶುರುವಾಗಿ, ತಿಂಗಳುಗಟ್ಟಲೆ ಮುಲಾಮು ಹಚ್ಚಿ, ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಡಾಕ್ಟರು "ಮೂಳೆಯಲ್ಲಿ ಸಣ್ಣ ಗಡ್ಡೆ" ಎಂದರು. "ಕ್ಯಾನ್ಸರ್ ಅಲ್ಲ, ಕಡಲೆಕಾಳಿನಷ್ಟು ಇದೆ, ಸೂಜಿಯಲ್ಲಿ ಲೇಸರ್ ಬಿಟ್ಟು ಸುಟ್ಟರೆ ಮುಗಿಯಿತು" ಎಂದು ಅವರು ಮೂರು ಸಲ ಹೇಳಿದ ಮೇಲೂ ನನಗೆ ಕೇಳಿಸಿದ್ದು ಗಡ್ಡೆ ಎಂಬುದೊಂದೇ. ಇವಳು ಇನ್ನು ಓಡುವಳೋ ಇಲ್ಲವೋ ಎಂದು, ಆಪರೇಷನ್ನಿಗಾಗಿ ವಿಜಯವಾಡದ ಆಸ್ಪತ್ರೆಗೆ ಹೋಗುವಾಗ ರೈಲಿನುದ್ದಕ್ಕೂ ಚಿಂತಿಸುತ್ತಿದ್ದೆ.

ಅಲ್ಲಿ ಮಗಳನ್ನು ಒಳಗೆ ಕರೆದುಕೊಂಡು ಹೋದರು. ನಾನು ತಂದಿದ್ದ ಫ್ಲಾಸ್ಕಿನ ಚಹಾ ಆರುವ ಮೊದಲೇ ಹೊರಗೆ ತಂದರು. ಮರುದಿನ ಅವಳು ನಡೆದೇ ಆಸ್ಪತ್ರೆಯಿಂದ ಹೊರಬಿದ್ದಳು. ನಾನು ಮನೆಯಿಂದಲೇ ಹೊತ್ತು ತಂದಿದ್ದ ಊರುಗೋಲುಗಳನ್ನು ನಾನೇ ಹೊತ್ತು ಹಿಂದೆ ನಡೆದೆ.

ಎರಡು ವಾರ ಕಳೆದು ಡಾಕ್ಟರು ಇನ್ನು ಆಡಬಹುದು ಎಂದ ಮೇಲಿನ ಭಾನುವಾರ, ಬೀದಿಯವರು ಒಬ್ಬೊಬ್ಬರಾಗಿ ಮೋಸಂಬಿ ಹಿಡಿದು ನೋಡಲು ಬರತೊಡಗಿದರು. ಪಕ್ಕದ ಮನೆಯ ಲಕ್ಷ್ಮಿಗಾರು, "ದೆಬ್ಬ ಎಕ್ಕಡಂಡಿ?" ಎಂದು ತೆಲುಗಿನಲ್ಲಿ ಕೇಳಿ, ಗಾಯ ಎಲ್ಲಿದೆಯೆಂದು ಹುಡುಕತೊಡಗಿದರು. ಸೋಫಾದಲ್ಲಿ ಕಾಲು ಚಾಚಿ ಓದುತ್ತಿದ್ದ ಮಗಳ ಕಾಲಿನ ಕೆಂಪು ಚುಕ್ಕೆಯ ಸುತ್ತ ನಾನು ಪೆನ್ನಿನಿಂದ ವೃತ್ತವನ್ನೇ ಎಳೆದು, "ಇಷ್ಟೇ ರೀ! ಇಲ್ಲಿಂದಲೇ ಲೇಸರ್ ಒಳಗೆ ಹೋಗಿದ್ದು!" ಎಂದೆ, ನಾನೇ ಬಿಟ್ಟವನ ಹಾಗೆ. ಲಕ್ಷ್ಮಿಗಾರು ಚುಕ್ಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹೀಗೆ ನಾಲ್ಕು ಮನೆಯವರಿಗೆ ದರ್ಶನವಾಯಿತು.

ಎಲ್ಲರೂ ಹೋದ ಮೇಲೆ ಮಗಳು ಪುಸ್ತಕ ಮುಚ್ಚಿದಳು. "ಅಪ್ಪಾ, ಮುಂಜಾನಿಂದ ನೀ ತೋರಸ್ಲಿಕ್ಕತ್ತಿದ್ದು ಸೊಳ್ಳಿ ಕಡದದ್ದು. ಆಪರೇಷನ್ ಆಗಿದ್ದು ಆ ಕಾಲಿಗೆ."

"ಮತ್ತ ಆಗ್ಲೇ ಯಾಕ ಹೇಳಲಿಲ್ಲವ್ವಾ?"

"ನೀ ಅಷ್ಟು ಖುಷೀಲೆ ತೋರಸ್ತಿದ್ದಿ. ಹೆಂಗ ಹೇಳ್ಲಿ?"

ಕನ್ನಡಕ ಏರಿಸಿ ಆ ಇನ್ನೊಂದು ಕಾಲಿನಲ್ಲಿ ಗುರುತು ಹುಡುಕಿದೆ. ಏನೂ ಸಿಗಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಗೆಳತಿಯರು ಕೂಗಿದರು. ಮಗಳು ಎರಡೆರಡು ಮೆಟ್ಟಿಲು ಹಾರಿ ಇಳಿದು ಬೀದಿಯಲ್ಲಿ ಓಡಿದಳು. ಬಾಲ್ಕನಿಯಿಂದ ನೋಡಿದೆ, ನೋವಿದ್ದ ಕಾಲು ಯಾವುದೆಂದು ಆ ಓಟದಲ್ಲಿಯೂ ಗೊತ್ತಾಗಲಿಲ್ಲ. ಹೆಮ್ಮೆಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಐದನೆಯ ಮನೆಯವರು ಮೋಸಂಬಿ ಹಿಡಿದು ಬಾಗಿಲಿಗೆ ಬಂದರು. ತೋರಿಸಲು ಕಾಲೇ ಮನೆಯಲ್ಲಿಲ್ಲ. ಕೊನೆಗೆ ಊರುಗೋಲುಗಳನ್ನೇ ತಂದು ತೋರಿಸಿದೆ.