ಬಾರದ ಬಸ್ಸಿಗೆ ಮುಂಗಡ ಸನ್ಮಾನ

ನಾಲ್ಕು ತಾಲ್ಲೂಕು ತಿರುಗುವ ಕೆಲಸ ಹಿಡಿದವರು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತರೂ ಸಾಕು, ಅದೇ ಪಕ್ಕದಲ್ಲಿ ಬಂದು ಕೂತು "ಯಾವೂರಾತ್ರಿ?" ಅಂತ ಮಾತು ತೆಗೆಯುತ್ತದೆ.

ನನ್ನ ಕೆಲಸ ಏನೆಂಬುದು ನಮ್ಮ ಅವ್ವನಿಗೆ ಇವತ್ತಿಗೂ ತಿಳಿದಿಲ್ಲ.

"ಹುಡುಗ್ರಿಗೆ ಪಾಠ ಹೇಳ್ತೀಯೇನು?"

"ಇಲ್ಲಬೇ."

"ಮತ್ತ ಪಾರ್ಟಿ ಕೆಲಸೇನು?"

"ಅದೂ ಅಲ್ಲ."

"ಮತ್ತ ನಿನಗ ಪಗಾರ ಯಾಕ ಕೊಡ್ತಾರ?"

ಅವ್ವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳಿರುತ್ತವೆ. ಅಂಥ ಸಂಘಗಳನ್ನೆಲ್ಲ ಸೇರಿಸಿಕೊಂಡು ದಿಲ್ಲಿಯಲ್ಲಿ ಒಂದು ರಾಷ್ಟ್ರೀಯ ಒಕ್ಕೂಟ ಇದೆ. ಸಂಘ ಕಟ್ಟುವುದು ಹೇಗೆ, ಸಭೆ ನಡೆಸುವುದು ಹೇಗೆ, ಅಧಿಕಾರಿಗಳ ಮುಂದೆ ಮಾತಾಡುವುದು ಹೇಗೆ ಅಂತ ಅದು ಹೇಳಿಕೊಡುತ್ತದೆ. ಒಂದು ಸಂಘ ತೊಂದರೆಗೆ ಸಿಕ್ಕರೆ ಉಳಿದವುಗಳನ್ನು ಬೆನ್ನಿಗೆ ನಿಲ್ಲಿಸುತ್ತದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಆ ಒಕ್ಕೂಟದ ಕೈಕಾಲು ಎಂದರೆ ನಾನು. ಹುಡುಗರು ನನ್ನನ್ನು 'ಅಕ್ಕಾರ' ಅನ್ನುತ್ತಾರೆ. ಜನ ಹೀಗೇಕೆ ಮಾಡುತ್ತಾರೆ ಅಂತ ಕೆದಕಿ ನೋಡುವ ಚಟ ನನಗೆ ಹುಟ್ಟಿನಿಂದಲೇ ಇರುವುದರಿಂದ ಈ ಕೆಲಸ ಬಿಡುವ ಮನಸ್ಸೂ ಬಂದಿಲ್ಲ.

ಈ ವರ್ಷ ನಮ್ಮ ಮುಂದಿದ್ದ ದೊಡ್ಡ ಚಿಂತೆ ಒಂದು ಬಸ್ಸು. ಸವಣೂರಿನ ಸಂಘದ ಅಧ್ಯಕ್ಷೆ ಹತ್ತಿಮತ್ತೂರಿನ ಹುಡುಗಿ. ಅಲ್ಲಿಂದ ಇದ್ದ ಮೊದಲ ಬಸ್ ಹಿಡಿದು ಬಂದರೂ ಕಾಲೇಜಿನಲ್ಲಿ ಮೊದಲ ತಾಸು ಮುಗಿದೇ ಹೋಗಿರುತ್ತಿತ್ತು. ಅವಳ ಅಬ್ಬಾ ಊರಲ್ಲಿ ಪಂಕ್ಚರ್ ಅಂಗಡಿ ಇಟ್ಟವರು. ದಿನಾ ಮುಂಜಾನೆ ಅಂಗಡಿ ಮುಚ್ಚಿ, ಮಗಳನ್ನು ಗಾಡಿಯ ಮೇಲೆ ಕಾಲೇಜಿಗೆ ಬಿಟ್ಟು ಬರುತ್ತಿದ್ದರು. ಜನರ ಗಾಲಿಗಳೋ, ಪಂಕ್ಚರ್ ಆಗುವುದೇ ಮುಂಜಾನೆ. ಕೊನೆಗೊಂದು ದಿನ ಅವರು ಹೇಳಿಬಿಟ್ಟರು, "ಈ ಸೆಮಿಸ್ಟರ್ ಮುಗಿಯೂತನಕ ಬಿಡ್ತೇನಿ. ಅಷ್ಟ್ರಾಗ ಬಸ್ ಬಂದ್ರ ಕಲಿ, ಬರಲಿಲ್ಲಂದ್ರ ಮನ್ಯಾಗ ಇರು."

ಸೆಮಿಸ್ಟರ್ ಮುಗಿಯುತ್ತ ಬಂದಿತ್ತು. ಆ ಬಸ್ಸನ್ನು ತರಬೇಕಾದವರು ಎಂಥ ಜನ ಅಂತ ಮೊದಲು ತಿಳಿಯಿರಿ.

ಸೋಲಲು ನಿಂತವನು

ಹಿರೇಕೆರೂರಿನ ಸಂಘ ನಮ್ಮ ಒಕ್ಕೂಟಕ್ಕೆ ಸೇರಬೇಕಾಗಿತ್ತು. ಅಧ್ಯಕ್ಷರನ್ನು ಚುನಾವಣೆಯಲ್ಲೇ ಆರಿಸಬೇಕು ಅನ್ನುವುದು ದಿಲ್ಲಿಯ ನಿಯಮ. ಆದರೆ ನಮ್ಮ ಕಡೆ ಅವಿರೋಧ ಆಯ್ಕೆ ಎಂದರೆ ಊರಿನ ಮರ್ಯಾದೆ. ಎದುರು ನಿಲ್ಲುವುದೆಂದರೆ ಜಗಳ ತೆಗೆದ ಹಾಗೆ. ಹುಡುಗರು ಆಗಲೇ ಒಬ್ಬನನ್ನು ಗೊತ್ತುಮಾಡಿ ಪೇಡೆಯನ್ನೂ ಹಂಚಿದ್ದರು.

"ಒಬ್ಬಾಂವ ನಿಂತ್ರ ಅದು ಚುನಾವಣಿ ಆಗಂಗಿಲ್ಲ," ಅಂದೆ.

"ಹಂಗಂದ್ರ ಇನ್ನೊಬ್ಬನ್ನ ನಿಂದರಸ್ತೇವಿ ತಗೋರಿ ಅಕ್ಕಾರ. ಸೋಲಾಕ ಒಬ್ಬಾಂವ ಸಿಗೂದಿಲ್ಲೇನು?"

ಸಿಕ್ಕ. ಮೆತ್ತಗಿನ ಸ್ವಭಾವದ, ಯಾರಿಗೂ ಇಲ್ಲ ಅನ್ನದ ಹುಡುಗ. ಪ್ರಚಾರ ಭಾಷಣ ಮಾಡು ಅಂದರೆ ಎದುರಾಳಿಯನ್ನೇ ಹೊಗಳಿದ. "ಆಂವ ನನಗಿಂತ ಶ್ಯಾಣ್ಯಾ ಅದಾನ್ರಿ. ನನಗ ಜ್ವರ ಬಂದಾಗ ನೋಟ್ಸ್ ಬರದು ಕೊಟ್ಟಾನ. ದಯವಿಟ್ಟು ಎಲ್ಲಾರೂ ಅವಂಗ ವೋಟ್ ಹಾಕ್ರಿ," ಅಂತ ಕೈಮುಗಿದು ಕೂತ. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು.

ಎಣಿಕೆಯಾದಾಗ ಗೆದ್ದಿದ್ದು ಇವನೇ. ಇಷ್ಟು ಒಳ್ಳೆಯ ಮನಸ್ಸಿನವನನ್ನು ಬಿಟ್ಟು ಬೇರೆಯವರನ್ನು ಆರಿಸುವುದು ಹೇಗೆ ಅಂತ ಎಲ್ಲರೂ ಒಳಗೊಳಗೇ ವಿಚಾರ ಮಾಡಿದ್ದರು. ಸೋತವನು ಕೂಡ ಇವನಿಗೇ ಮತ ಹಾಕಿದ್ದನಂತೆ. ಗೆದ್ದ ಹುಡುಗ ಕಣ್ಣಲ್ಲಿ ನೀರು ತಂದುಕೊಂಡು ನನ್ನ ಹತ್ತಿರ ಬಂದ.

"ಅಕ್ಕಾರ, ಸೋಲೂ ಕೆಲಸ ಅಂತ ಹೇಳಿ ನಿಂದರಿಸಿದ್ರು. ಈಗ ನೋಡ್ರಿ, ಹಿಂಗ ಮೋಸ ಮಾಡ್ಯಾರ!"

ಸಾಹೇಬರು ಮೀಟಿಂಗಿನಲ್ಲಿದ್ದಾರೆ

ಬಸ್ ಕೇಳಲು ಹೋಗುವ ಮುಂಚೆ ಅಧಿಕಾರಿಗಳ ಹತ್ತಿರ ಮಾತಾಡುವ ತರಬೇತಿ ಆಗಬೇಕು ಅಂತ ಒಕ್ಕೂಟದ ದಿಲ್ಲಿ ಕಚೇರಿಯ ಮೇಡಂ ತಾವೇ ಹಾನಗಲ್ಲಿಗೆ ಬಂದರು. ಬಹಳ ಶಿಸ್ತಿನ ಹೆಂಗಸು, ಒಳ್ಳೆಯವರು. ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಪರಿಚಯ ಹೇಳಿ ಅಂದರು. ಅದು ಚುಟುಕಾಗಿ ಮುಗಿಯುತ್ತದೆ ಅಂತ ಅವರ ಲೆಕ್ಕ. ನಮ್ಮಲ್ಲಿ ಪರಿಚಯವೆಂದರೆ ಹೆಸರಲ್ಲ. ಊರು, ಮನೆತನ, ತಾಯಿಯ ತವರು, ಅಕ್ಕನ ಗಂಡನ ಮನೆ. ಅಕ್ಕಿಆಲೂರಿನ ಹುಡುಗಿಯೂ ಹಿರೇಕೆರೂರಿನ ಹುಡುಗನೂ ಬೀಗರ ಕಡೆಯಿಂದ ಸಂಬಂಧಿಕರು ಅಂತ ಗೊತ್ತಾಗುವ ಹೊತ್ತಿಗೆ ಎರಡನೇ ಸಲದ ಚಹಾ ಬಂದಿತ್ತು.

ಆಮೇಲೆ ಮೇಡಂ ಒಂದು ಆಟ ಕಟ್ಟಿದರು. ಒಬ್ಬ ಹುಡುಗ ಅಧಿಕಾರಿಯಾಗಬೇಕು, ಉಳಿದವರು ಅವನ ಮುಂದೆ ಬೇಡಿಕೆ ಇಡಬೇಕು. ಅಧಿಕಾರಿಯಾದ ಹಾನಗಲ್ಲಿನ ಹುಡುಗ ಕುರ್ಚಿಗೆ ಟಾವೆಲ್ ಹಾಕಿ ಕೂತ. ಹುಡುಗಿಯರು ನಮಸ್ಕಾರ ಮಾಡಿ ಮಾತು ಶುರುಮಾಡಿದರೋ ಇಲ್ಲವೋ, ಗಡಿಯಾರ ನೋಡಿದ.

"ನಾಳೆ ಬರ್ರಿ," ಅಂದವನು ಎದ್ದು ಹೊರಗೆ ಹೋಗಿಬಿಟ್ಟ.

ಮೇಡಂ ಮೊದಲು ನಕ್ಕರು. ಸ್ವಲ್ಪ ಹೊತ್ತು ಕಾದರು. ಅವನು ಬರಲಿಲ್ಲ. ಆಮೇಲೆ ತಿಳಿದದ್ದು, ಸಾಹೇಬರು ಬಸ್ ಸ್ಟ್ಯಾಂಡಿನ ಹತ್ತಿರ ಗಿರಮಿಟ್ಟು, ಮಿರ್ಚಿ ತಿನ್ನುತ್ತ ಕೂತಿದ್ದರು. ಮೇಡಂ ಬೇಸತ್ತು, ಅವನು ಎಲ್ಲಿ ಅಂತ ನೋಡಲು ಬಾಗಿಲಿಗೆ ಹೋದರೆ ಅಲ್ಲಿ ಇನ್ನೊಬ್ಬ ಹುಡುಗ ಸ್ಟೂಲ್ ಹಾಕಿಕೊಂಡು ಕೂತಿದ್ದ. ಅವನಿಗೆ ಯಾವ ಪಾತ್ರವನ್ನೂ ಯಾರೂ ಕೊಟ್ಟಿರಲಿಲ್ಲ. ಮೇಡಮ್ಮರನ್ನು ನೋಡಿ ಅವನು ಅರ್ಧ ಎದ್ದ ಹಾಗೆ ಮಾಡಿ ಮತ್ತೆ ಕೂತ.

"ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ್ರಿ. ನೀವು ಚೀಟಿ ಬರದು ಕೊಟ್ಟು ಹೋಗ್ರಿ."

ಅದನ್ನು ನಾನು ಹಿಂದಿಯಲ್ಲಿ ಹೇಳಿದಾಗ ಮೇಡಂ ತರಬೇತಿಯ ಚೀಲ ಮುಚ್ಚಿದರು. "ಇವರಿಗೆ ಕಲಿಸಲು ಬಂದಿದ್ದೆ. ನಾನೇ ಕಲಿತೆ," ಅಂದರು.

ಕಡ ತಂದ ಸಮಸ್ಯೆ

ಶಿಗ್ಗಾಂವಿಯ ಸಂಘಕ್ಕೆ ಒಂದು ವಿಚಿತ್ರವಾದ ಕೊರತೆ ಇತ್ತು. ಅವರಿಗೆ ಸಮಸ್ಯೆಯೇ ಇರಲಿಲ್ಲ. ಊರು ಹೆದ್ದಾರಿಯ ಮೇಲಿದೆ, ಬಸ್ಸುಗಳಿಗೆ ಬರವಿಲ್ಲ. ಕಾಲೇಜಿನಲ್ಲಿ ನೀರು ಬರುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಪ್ರಿನ್ಸಿಪಾಲರು ಕರೆದು ಮಾತಾಡಿಸುತ್ತಿದ್ದರು. ನಾಲ್ಕು ಸಂಘಗಳು ಕೂಡಿದಾಗ ಉಳಿದವರು ತಮ್ಮ ಗೋಳು ಹೇಳಿಕೊಂಡರೆ ಶಿಗ್ಗಾಂವಿಯವರು ತಲೆ ತಗ್ಗಿಸಿ ಕೂಡುತ್ತಿದ್ದರು.

"ನಿಮ್ಮದೇನು ಬೇಡಿಕೆ?" ಅಂತ ಕೇಳಿದೆ.

"ಏನೂ ಇಲ್ರಿ ಅಕ್ಕಾರ," ಅಂದ ಅವರ ಕಾರ್ಯದರ್ಶಿಯ ಮುಖ ಫೇಲಾದವನ ಮುಖದ ಹಾಗಿತ್ತು.

ಒಂದು ದಿನ ಅವರೆಲ್ಲ ಒಟ್ಟಾಗಿ ಸವಣೂರಿಗೆ ಹೋದರು. ಅಧ್ಯಕ್ಷೆ ಅವರಿಗೆ ಸವಣೂರಿನ ಕುರುಕಲು ಖಾರ ಕೊಟ್ಟು, ಚಹಾ ತರಿಸಿದಳು. ತಿನ್ನುತ್ತ ತಿನ್ನುತ್ತ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡ.

"ನಿಮ್ಮ ಹತ್ರ ಬಾಳ ಸಮಸ್ಯೆ ಅದಾವಂತ ಕೇಳೇವಿ. ಅದರಾಗ ಒಂದು ನಮಗ ಕೊಡ್ರಲ್ಲ?"

ಅಧ್ಯಕ್ಷೆಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. "ಬಸ್ಸಿಂದ ತಗೋರಿ," ಅಂದಳು. "ನಾ ಎಷ್ಟೋ ಸಲ ಡಿಪೋಕ್ಕ ಹೋಗಿ ಬಂದೇನಿ. 'ನೋಡೋಣವಾ' ಅಂತಾರ. ನೋಡೂದು ಮಾತ್ರ ಮುಗಿಯೂದಿಲ್ಲ."

ಕಾರ್ಯದರ್ಶಿಯ ಕಣ್ಣು ಅರಳಿತು. "ಛಲೋ ಆತ್ರಿ. ನೀವು ಚಿಂತಿ ಮಾಡಬ್ಯಾಡ್ರಿ, ಬಗಿಹರಿದ ಮ್ಯಾಲ ಹಂಗ ವಾಪಸ್ ತಂದು ಕೊಡ್ತೇವಿ."

ಹಾರ

ಡಿಪೋದ ಮ್ಯಾನೇಜರರನ್ನು ಸವಣೂರಿನ ಕಾಲೇಜಿಗೇ ಕರೆದು, ಎಲ್ಲರ ಎದುರು ಕೇಳೋಣ ಅಂತ ತೀರ್ಮಾನವಾಯಿತು. ಶಿಗ್ಗಾಂವಿಯವರು ಹೊಸ ಸಮಸ್ಯೆ ಸಿಕ್ಕ ಹುಮ್ಮಸ್ಸಿನಲ್ಲಿ ಕಾರ್ಯಕ್ರಮದ ಜವಾಬ್ದಾರಿ ಪೂರ್ತಿ ಹೊತ್ತರು. ಕರೆದ ಅತಿಥಿಯನ್ನು ಸನ್ಮಾನ ಮಾಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಜಗಳಕ್ಕೆ ಕರೆದರೂ ಶಾಲು ಹೊದಿಸಿಯೇ ಜಗಳ. ಹೀಗಾಗಿ ಶಾಲು, ಹಾರ, ಬ್ಯಾನರು ಎಲ್ಲ ಆಗಬೇಕಿತ್ತು. ಬ್ಯಾನರ್ ಮಾಡಿಸಲು ಹೋದವನು ನಮ್ಮ ಹಿರೇಕೆರೂರಿನ ಅಧ್ಯಕ್ಷ, ಸೋಲಲು ನಿಂತು ಗೆದ್ದವನು.

ಅಂಗಡಿಯವನು ಕೇಳಿದ್ದಾನೆ, "ಸನ್ಮಾನ ಎದರ ಸಲುವಾಗ್ರಿ?"

ಇವನು ಹೇಳಿದ್ದಾನೆ, "ಹತ್ತಿಮತ್ತೂರಿಂದ ಮುಂಜಾನೆ ಬಸ್ಸಿನ ಸಲುವಾಗ್ರಿ."

ಬಸ್ ಬಿಡದವರಿಗೆ ಯಾರಾದರೂ ಸನ್ಮಾನ ಮಾಡುತ್ತಾರೆಯೇ? ಅಂಗಡಿಯವನು ತನಗೆ ಸರಿ ಕಂಡಂತೆ ಬರೆದ. ಕಾರ್ಯಕ್ರಮದ ದಿನ ಬ್ಯಾನರ್ ಬಿಚ್ಚಿ ಕಟ್ಟಿದಾಗಲೇ ನಾನು ಅದನ್ನು ನೋಡಿದ್ದು. ಮ್ಯಾನೇಜರರ ದೊಡ್ಡ ಫೋಟೋ, ಅದರ ಕೆಳಗೆ 'ಹತ್ತಿಮತ್ತೂರಿನಿಂದ ಸವಣೂರಿಗೆ ಮುಂಜಾನೆಯ ಬಸ್ ಬಿಟ್ಟು ಉಪಕರಿಸಿದ ಮಾನ್ಯರಿಗೆ ಹೃತ್ಪೂರ್ವಕ ಸನ್ಮಾನ.'

ಬಿಚ್ಚಿಸೋಣ ಅನ್ನುವಷ್ಟರಲ್ಲಿ ಮ್ಯಾನೇಜರರು ಬಂದೇಬಿಟ್ಟರು. ಸನ್ಮಾನ ಇದೆ ಅಂತ ಕೇಳಿ ಮನೆಯಲ್ಲಿದ್ದ ತಾಯಿಯನ್ನೂ ಕರೆತಂದಿದ್ದರು. ಅಜ್ಜಿ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತು ಬ್ಯಾನರನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಬಸ್ ಬಿಟ್ಟಾನಂತ ನನ್ನ ಮುಂದ ಸೈತ ಹೇಳಿಲ್ಲ ನೋಡ್ರಿ! ಮೊದಲಿಂದ ಹಿಂಗ, ಮಾಡಿದ್ದು ಹೇಳಿಕೊಳ್ಳೂ ಮಗ ಅಲ್ಲ ಆಂವ."

ಮ್ಯಾನೇಜರರು ಬ್ಯಾನರ್ ನೋಡಿದರು, ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ಅಷ್ಟರಲ್ಲಿ ಹುಡುಗರು ಅವರಿಗೆ ಶಾಲು ಹೊದಿಸಿ ಹಾರ ಹಾಕಿಯೂ ಆಗಿತ್ತು. ನಮ್ಮ ಅಧ್ಯಕ್ಷೆ ಬೇಡಿಕೆಯ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಮೈಕಿನ ಮುಂದೆ ನಿಂತು ಬ್ಯಾನರಿನತ್ತ ನೋಡಿದಳು, ಆಮೇಲೆ ಅಜ್ಜಿಯತ್ತ ನೋಡಿದಳು. ಅವಳ ಓದು ಉಳಿಯುವುದೋ ಬಿಡುವುದೋ ಈಗ ಆಡುವ ಒಂದು ಮಾತಿನ ಮೇಲೆ ನಿಂತಿತ್ತು.

"ಅಜ್ಜೀ," ಅಂದಳು, ನೇರವಾಗಿ ಮುಂದಿನ ಸಾಲಿಗೆ, "ನಿಮ್ಮ ಮಗನಿಂದ ನಾವು ಹುಡುಗ್ಯಾರೆಲ್ಲ ಕಲಿಯೂ ಹಂಗ ಆತು. ಬಸ್ ಯಾವತ್ತಿಂದ ಶುರು ಅಂತ ಅಷ್ಟ ಸಾಹೇಬ್ರು ಈಗ ಹೇಳ್ತಾರ."

ಚಪ್ಪಾಳೆ. ಅಜ್ಜಿಯದೇ ಎಲ್ಲರಿಗಿಂತ ಜೋರು. ಹಾರ ಹಾಕಿಸಿಕೊಂಡ ಕೊರಳು ಇಲ್ಲ ಅನ್ನುವುದಾದರೂ ಹೇಗೆ? ಮ್ಯಾನೇಜರರು ಎದ್ದು ನಿಂತರು, ಬೆವರು ಒರೆಸಿಕೊಂಡರು.

"ಸೋಮವಾರದಿಂದ," ಅಂದರು.

ದಿಲ್ಲಿಯ ಮೇಡಂ ಫೋನಿನಲ್ಲಿ ಕುಣಿದಾಡಿದರು. ಯಾವ ತಂತ್ರ ಬಳಸಿದಿರಿ ಅಂತ ಕೇಳಿದರು. ಕೆಲಸಕ್ಕೆ ಮುಂಚೆ ಧನ್ಯವಾದ ಹೇಳಿದೆವು ಅಂದೆ. ಅದನ್ನು ಬೇರೆ ರಾಜ್ಯಗಳಿಗೂ ಕಲಿಸಬಹುದೇ ಅಂದರು. ತಾಯಿಯನ್ನು ಕರೆತರುವ ಪದ್ಧತಿ ಅಲ್ಲೂ ಇದ್ದರೆ ಆಗಬಹುದು ಅಂದೆ.

ಸೋಮವಾರ ಹತ್ತಿಮತ್ತೂರಿಗೆ ನಾನೂ ಹೋಗಿದ್ದೆ. ಬಸ್ ಬಂತು, ಹೇಳಿದ ವೇಳೆಗೇ ಬಂತು. ಊರವರು ಅದನ್ನು ಸುಮ್ಮನೆ ಹೋಗಲು ಬಿಡುತ್ತಾರೆಯೇ? ಬಸ್ಸಿಗೆ ತೆಂಗಿನಕಾಯಿ, ಮುಂದಿನ ಗಾಜಿಗೆ ಚೆಂಡುಹೂವಿನ ಹಾರ, ಡ್ರೈವರನಿಗೆ ಶಾಲು, ಕಂಡಕ್ಟರನಿಗೆ ಶಾಲು. ಸಮಸ್ಯೆ ವಾಪಸ್ ಕೊಡಲು ಬಂದಿದ್ದ ಶಿಗ್ಗಾಂವಿಯ ಕಾರ್ಯದರ್ಶಿಯದೊಂದು ಭಾಷಣ. ಕೊನೆಗೆ ವಂದನಾರ್ಪಣೆ ನಮ್ಮ ಅಧ್ಯಕ್ಷೆಯದು. ಕಟ್ಟೆಯ ಮೇಲೆ ನಿಂತು, ಕಣ್ಣು ಮುಚ್ಚಿ, ಒಬ್ಬರನ್ನೂ ಬಿಡದೆ ನೆನೆಯತೊಡಗಿದಳು. ಕಂಡಕ್ಟರ್ ವಾಚು ನೋಡಿದ. ಮೊದಲ ದಿನವೇ ತಡವಾದರೆ ಹೇಗೆ ಅಂತ ಸೀಟಿ ಊದಿದ. ಉಳಿದ ಹುಡುಗಿಯರು ಹತ್ತಿ ಕೂತಾಗಿತ್ತು. ಅವಳು ಕಣ್ಣು ತೆರೆದಾಗ ಎದುರಿಗೆ ಇದ್ದದ್ದು ಧೂಳು.

ಅಬ್ಬಾ ಬಹಳ ದಿನದ ಮೇಲೆ ಮುಂಜಾನೆ ಅಂಗಡಿ ತೆರೆದು ಒಂದು ಟ್ರ್ಯಾಕ್ಟರಿನ ಗಾಲಿ ಬಿಚ್ಚಿದ್ದರು. ಮಗಳು ಓಡಿ ಬಂದಳು.

"ಅಬ್ಬಾ, ಬಸ್ ಹೋತು!"

ಅವರು ಮಗಳನ್ನು ನೋಡಿದರು, ಗಾಲಿಯನ್ನು ನೋಡಿದರು, ಗಾಡಿ ಕಿಕ್ ಹೊಡೆದರು. ನಾನೂ ಬಸ್ ತಪ್ಪಿಸಿಕೊಂಡಿದ್ದೆ. ಕಾರ್ಯದರ್ಶಿಯ ಬೈಕಿನ ಹಿಂದೆ ಕೂತು ಬೆನ್ನು ಹತ್ತಿದೆ. ಬಸ್ಸು ಊರೂರಿಗೆ ನಿಂತು ಹಾರ ಹಾಕಿಸಿಕೊಳ್ಳುತ್ತಿತ್ತು. ಅಪ್ಪ ಮಗಳು ಅದನ್ನು ಹಿಂದೆ ಹಾಕಿ, ಅದಕ್ಕಿಂತ ಮೊದಲೇ ಕಾಲೇಜು ಮುಟ್ಟಿದರು. ಮೊದಲ ತಾಸಿನ ಗಂಟೆ ಇನ್ನೂ ಆಗಿರಲಿಲ್ಲ.

ಬಸ್ ಬಂದು ಗೇಟಿನಲ್ಲಿ ನಿಂತಿತು. ಅಧ್ಯಕ್ಷೆ ಹೋಗಿ ಅದರ ಗಾಜಿನ ಮೇಲಿನ ಹಾರ ಬಿಚ್ಚಿದಳು. ಡ್ರೈವರ್ "ಏ, ಏ" ಅನ್ನುವಷ್ಟರಲ್ಲಿ ಅದನ್ನು ತಂದು ಅಬ್ಬಾನ ಕೊರಳಿಗೆ ಹಾಕಿದಳು. ಭಾಷಣ ಇಲ್ಲ, ಮೈಕ್ ಇಲ್ಲ. ಇಷ್ಟು ಸನ್ಮಾನಗಳಲ್ಲಿ ಈ ಮನುಷ್ಯನ ಹೆಸರು ನಮಗ್ಯಾರಿಗೂ ಹೊಳೆದಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಬಂದದ್ದನ್ನು ಬಂದಿತು ಅಂತಲೇ ಹೇಳುತ್ತೇನೆ.

ಅಬ್ಬಾಗೆ ಮಾತ್ರ ಅವಸರ. "ಲಗೂ ಒಳಗ ಹೋಗು ಬೇಟಾ, ಟ್ರ್ಯಾಕ್ಟರ್‌ನಾಂವ ಕಾಯಾಕತ್ತಾನ," ಅಂತ ಹಾರದ ಸಮೇತ ಗಾಡಿ ತಿರುಗಿಸಿದರು.

ಆ ಹಾರ ತೆಗೆಯುವುದು ಅವರಿಗೆ ಮರೆತೇ ಹೋಯಿತೋ, ತೆಗೆಯಲು ಮನಸ್ಸು ಬರಲಿಲ್ಲವೋ, ನನಗೆ ಇವತ್ತಿಗೂ ಕುತೂಹಲ. ಇಡೀ ದಿನ ಹಾರ ಹಾಕಿಕೊಂಡೇ ಪಂಕ್ಚರ್ ತಿದ್ದಿದರಂತೆ. ಬಂದ ಗಿರಾಕಿಗಳೆಲ್ಲ "ಏನ್ ಮಾಮೂ, ಯಾವ ಇಲೆಕ್ಷನ್ ಗೆದ್ರಿ?" ಅಂತ ಕೇಳುತ್ತಿದ್ದರಂತೆ.

"ಇಲೆಕ್ಷನ್ ಅಲ್ಲೋ," ಅಂದರಂತೆ ಅವರು, ಟ್ಯೂಬಿಗೆ ಗಾಳಿ ಹೊಡೆಯುತ್ತ. "ನನ್ನ ಮಗಳು ಊರಿಗೆ ಬಸ್ ತಂದಾಳ. ಆಕಿ ಒಬ್ಬಾಕಿನ್ನ ಬಿಟ್ಟು ಊರಮಂದಿ ಎಲ್ಲಾ ಅದರಾಗ ಹತ್ತಿ ಹೋದ್ರು."