ಅಕ್ಕಿ ಡಬ್ಬದೊಳಗಿನ ಫೋನ್

ಶುಕ್ರವಾರ ಬೆಳಿಗ್ಗೆ ಎದ್ದು ಶಹನಾಝ್ ಟೆಲಿಫೋನ್ ಒರೆಸಿದಳು. ಕಸೂತಿಯ ಹೊದಿಕೆ ತೆಗೆದು ಕೊಡವಿ, ಒದ್ದೆ ಬಟ್ಟೆಯಲ್ಲಿ ಗುಂಡಿಗಳ ಸಂದು ಉಜ್ಜಿ, ಮತ್ತೆ ಹೊದಿಸಿದಳು. ಹುಟ್ಟಿದಂದಿನಿಂದ ಕಿವಿ ಕೇಳದ ಅವಳು ಅದರ ಸದ್ದನ್ನು ಒಮ್ಮೆಯೂ ಕೇಳಿದವಳಲ್ಲ. ಕೇಳುವವರೆಲ್ಲ ಎಣ್ಣೆಗೈಯಲ್ಲೇ ಅದನ್ನು ಹಿಡಿಯುತ್ತಿದ್ದರು.

ಲಾಯಿಲ ಊರಿನ ಆ ಮನೆಸಾಲಿಗೆ ಬಹುಕಾಲ ಅದೊಂದೇ ಫೋನ್. ಗಲ್ಫಿಗೆ ಹೋದ ಮಕ್ಕಳಿಗೆಲ್ಲ ಇದೇ ನಂಬರ್. ಆಚೆಮನೆಯ ಝೈನಬಳಿಗೆ ಈಚೆಗೆ ಹೊಸ ಫೋನ್ ಬಂದಿತ್ತು. ಅವಳು ಅದರ ನಂಬರನ್ನು ಅರ್ಧ ಗಲ್ಫಿಗೆ ಹಂಚಿಯೂ ಆಗಿತ್ತು. ಆದರೆ ಗಲ್ಫಿನ ರಜೆಯ ದಿನವಾದ ಶುಕ್ರವಾರ ಜನ ಇಲ್ಲೇ ಸೇರುತ್ತಿತ್ತು. ಶಹನಾಝಳ ಅತ್ತೆ ಬೀಯಮ್ಮನ ಚಹಾ ಚೆನ್ನಾಗಿತ್ತು.

ಅದೇ ತಂತಿಗೆ ಒಂದು ಕಂಪ್ಯೂಟರೂ ಇತ್ತು. ಗಂಡ ಉನೈಸ್ ಜೆದ್ದಾಕ್ಕೆ ಹೋಗುವ ಮೊದಲು ಜೋಡಿಸಿ ಕೊಟ್ಟದ್ದು. ನೆಟ್ ಹಚ್ಚಿದರೆ ಫೋನ್ ಎಂಗೇಜ್, ರಿಸೀವರ್ ಎತ್ತಿದರೆ ನೆಟ್ ಕಟ್. ಆ ಮನೆಯಲ್ಲಿ ಅವಳ ಕೈಯ ಮಾತು ತಿಳಿಯುತ್ತಿದ್ದವನು ಅವನೊಬ್ಬನೇ. ಅವನು ಹೋದ ಮೇಲೆ ಅವಳು ಕಂಪ್ಯೂಟರಿನ ಚಾಟಿನಲ್ಲಿ ಮಾತ್ರ ಮಾತಾಡುತ್ತಿದ್ದಳು.

ಮೊನ್ನೆ ಅವನು ಬರೆದಿದ್ದ: ಅಂಗಡಿ ಮುಚ್ಚಿತು. ಮಾಲಿಕ ಮರುಭೂಮಿಯೊಳಗೆ ಒಂಟೆ ಮೇಯಿಸಲು ಕಳಿಸುತ್ತಾನಂತೆ. ಎರಡು ವರ್ಷ. ಅಲ್ಲಿ ಫೋನೂ ಇಲ್ಲ, ನೆಟ್ಟೂ ಇಲ್ಲ. ಬೇಡವಾದರೆ ಊರಿಗೆ ಟಿಕೆಟ್. ಶುಕ್ರವಾರ ಮಧ್ಯಾಹ್ನ ಚಾಟಿಗೆ ಬರುತ್ತೇನೆ. ಬರಲೋ ನಿಲ್ಲಲೋ, ನೀನೇ ಹೇಳು.

ಹೇಳಬೇಕಾದ ಮಾತು ಅವಳ ಬೆರಳ ತುದಿಯಲ್ಲೇ ಇತ್ತು.

ಮಧ್ಯಾಹ್ನ ಅವಳು ನೆಟ್ ಹಚ್ಚಿದಳೋ ಇಲ್ಲವೋ, ಮಗನನ್ನು ಗಲ್ಫಿಗೆ ಕಳಿಸಿದ ನೆರೆಮನೆಯ ಸೇಸಮ್ಮ ಬಂದು ರಿಸೀವರ್ ಎತ್ತಿದಳು. ನೆಟ್ ಕಡಿಯಿತು.

"ಏನಿಲ್ಲ, ಫೋನಿಗೆ ಜೀವ ಉಂಟಾ ನೋಡಿದ್ದು," ಎಂದಳು ಸೇಸಮ್ಮ.

ಶಹನಾಝ್ ಮತ್ತೆ ಹಚ್ಚಿದಳು. ಸೇಸಮ್ಮ ಮತ್ತೆ ಎತ್ತಿದಳು. ಈ ಸಲ ರಿಸೀವರಿನೊಳಗೆ ನೆಟ್ ಹಚ್ಚುವ ಕರ್ಕಶ ಸದ್ದಿಗೆ ಅವಳ ಕಣ್ಣು ತುಂಬಿತು. "ಮಗನೇ, ಕೇಳ್ತದಾ? ಅಯ್ಯೋ ಬೀಯಮ್ಮ, ಪಾಪ, ಮರಳುಗಾಳಿಯಲ್ಲಿ ನಿಂತು ಮಾತಾಡ್ತಾನೆ!"

"ಇಲ್ಲಿ ಕೊಡಿ," ಎಂದು ಕುಶಾಲಪ್ಪ ಕಿತ್ತುಕೊಂಡ. ಸಾಲಿನಲ್ಲಿ ಯಾವ ಯಂತ್ರ ಕೆಟ್ಟರೂ ಇನ್ನಷ್ಟು ಕೆಡಿಸುವವನು ಅವನೇ. "ಮಗನೂ ಅಲ್ಲ, ಗಾಳಿಯೂ ಅಲ್ಲ. ಗೋಣಿಯೊಳಗೆ ಎರಡು ಬೆಕ್ಕು ಹಾಕಿದ ಹಾಗೆ ಉಂಟು. ಎಲ್ಲ ಆ ಪೆಟ್ಟಿಗೆಯ ಕಿತಾಪತಿ. ಕೆಪ್ಪಿಗೆ ಫೋನಿನ ತಂತಿ ಯಾಕೆ ಮಾರಾಯ್ರೆ?"

ಶಹನಾಝ್ ತುಟಿ ನೋಡಿ ಮಾತು ತಿಳಿಯುವವಳು. ಕುಶಾಲಪ್ಪನ ಬಾಯಲ್ಲಿ ಎಲೆಯಡಿಕೆ ಇದ್ದುದರಿಂದ ಅರ್ಧ ಮಾತ್ರ ತಿಳಿಯಿತು. ಅರ್ಧವೇ ಸಾಕಾಯಿತು.

ಬೀಯಮ್ಮ ಚಹಾಕ್ಕೆ ಕರೆದಳು. ಎಲ್ಲರೂ ಅಡುಗೆಮನೆಗೆ ಹೋಗಿ ಗ್ಲಾಸು ಹಿಡಿದು ಜಗಲಿಗೆ ಬಂದರು. ಆಗ ಶಹನಾಝ್ ಫೋನನ್ನು ತಂತಿಯಿಂದ ಬಿಡಿಸಿ, ಹೊದಿಕೆಯ ಸಮೇತ ಅಕ್ಕಿ ಡಬ್ಬದೊಳಗೆ ಹೂತು, ಕೋಣೆಯ ಚಿಲಕ ಹಾಕಿ ಕೂತಳು.

ಹೊರಗೆ ಫೋನಿನ ಹುಡುಕಾಟ ನಡೆಯಿತು. ಬಾಗಿಲು ಬಡಿದರು, ಕಿವಿ ಕೇಳದವಳ ಬಾಗಿಲು ಬಡಿದು ತಮ್ಮ ಕೈಯನ್ನೇ ನೋಯಿಸಿಕೊಂಡರು. ಕೊನೆಗೆ ಸಿಟ್ಟಿನಿಂದ ಝೈನಬಳ ಮನೆಗೆ ಮೆರವಣಿಗೆ ಹೊರಟರು.

ಈಗ ನೆಟ್ ಕಡಿಯಲಿಲ್ಲ. ಬಾವಿಯ ನೀರಿನಂತೆ ಅಲುಗದೆ ನಿಂತಿತು. ಉನೈಸನ ಹೆಸರು ಮಾತ್ರ ಬೂದುಬಣ್ಣದಲ್ಲೇ ಇತ್ತು, ಅವನಿನ್ನೂ ಚಾಟಿಗೆ ಬಂದಿರಲಿಲ್ಲ. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಅಂಗಳಕ್ಕೆ ಹೋಯಿತು. ಅವಳು ಕಣ್ಣು ಮಿಟುಕಿಸಲೂ ಹೆದರಿದಳು.

ಬಾಗಿಲಡಿಯ ಬೆಳಕಿನಲ್ಲಿ ಕಾಲುಗಳು ಓಡಾಡಿದಾಗ ಅವಳು ಚಿಲಕ ತೆಗೆದಳು. ಸಾಲಿಗೆ ಸಾಲೇ ವಾಪಸ್ ಬಂದಿತ್ತು. ಎದುರಿಗೆ ಝೈನಬ್. ಅವಳು ಇಡೀ ಮುಖದಲ್ಲಿ ಮಾತಾಡುವವಳು. ಅವಳ ಒಂದು ಮಾತೂ ಶಹನಾಝಳಿಗೆ ತಪ್ಪುತ್ತಿರಲಿಲ್ಲ.

"ಮಾಮೀ, ನಿಮ್ಮ ಉನೈಸ್ ಫೋನ್ ಮಾಡಿದ್ದ, ನನ್ನ ಮನೆಗೆ! ಅಲ್ಲಿ ಕೆಫೆಯಲ್ಲಿ ನೆಟ್ ಹೋಗಿದೆಯಂತೆ. ಮಧ್ಯಾಹ್ನದಿಂದ ಇಲ್ಲಿಗೇ ಮಾಡ್ತಾ ಇದ್ದಾನೆ, ಎಂಗೇಜ್, ಎಂಗೇಜ್! ಮಾಲಿಕನ ಗಾಡಿ ಹೊರಗೆ ಹಾರ್ನ್ ಹೊಡೀತಾ ಉಂಟಂತೆ. 'ಓಡಿ ಹೋಗಿ ಶಹನಾಝಳನ್ನು ಕೇಳಿ ಬನ್ನಿ, ಬರಲಾ ನಿಲ್ಲಲಾ' ಅಂದ."

"ನೀನು ಬರಲಿಲ್ಲವಲ್ಲ?" ಎಂದಳು ಬೀಯಮ್ಮ.

"ಇವಳಿಗೆ ತಿಳಿಸುವುದು ಸುಲಭವಾ? ಕೈ ಆಡಿಸಿ, ಬಾಯಿ ಆಡಿಸಿ, ಅಷ್ಟರಲ್ಲಿ ಗಾಡಿ ಹೋಗ್ತದೆ. ನಾವೆಲ್ಲ ಇದ್ದೆವಲ್ಲ. ಕುಶಾಲಣ್ಣನೂ ಹೌದು ಅಂದರು. ನಾನೇ ಹೇಳಿದೆ: ನಿನ್ನ ಹೆಂಡತಿ ಕಂಪ್ಯೂಟರ್ ಎದುರು ಚಿಲಕ ಹಾಕಿ ಕೂತಿದ್ದಾಳೆ, ಅದೊಂದಿದ್ದರೆ ಅವಳಿಗೆ ಯಾರೂ ಬೇಡ, ನೀನು ಧೈರ್ಯದಲ್ಲಿ ನಿಲ್ಲು ಅಂತ. ಮತ್ತೆ ಆಯ್ತು ಅಂದ. ಗಾಡಿ ಹತ್ತಿದ."

"ಒಳ್ಳೆಯದಾಯಿತು," ಎಂದಳು ಸೇಸಮ್ಮ. ಕುಶಾಲಪ್ಪ ತಲೆಯಾಡಿಸಿದ. ಬೀಯಮ್ಮ ರಾತ್ರಿಗೆ ಅಕ್ಕಿ ಅಳೆಯಲು ಒಳಗೆ ಹೋಗಿ ಡಬ್ಬಕ್ಕೆ ಕೈಹಾಕಿ ಕಿರುಚಿದಳು. ಎಲ್ಲರೂ ಆ ಕಡೆ ಓಡಿದರು. ನಗು ಮನೆ ತುಂಬಿತು.

ಶಹನಾಝ್ ಕುರ್ಚಿಗೆ ಮರಳಿದಳು. ಬೂದುಬಣ್ಣದ ಹೆಸರಿನ ಕೆಳಗೆ, ಬೆಳಗಿನಿಂದ ಬೆರಳಲ್ಲಿ ಹಿಡಿದಿಟ್ಟಿದ್ದ ಮಾತನ್ನು ಟೈಪ್ ಮಾಡಿದಳು.

ಬನ್ನಿ.